ಏರೇಟರ್ ಹಾಕಿಸಿದ ಮೇಲೆ ನಲ್ಲಿ ನೀರು ಸಣ್ಣಗಾಯಿತೇ? ಪಂಪ್ ತರುವ ಮೊದಲು ಈ ಕ್ರಮದಲ್ಲಿ ನೋಡಿ

ಪಾತ್ರೆ ತೊಳೆಯಲು ನಿಂತರೆ ನೀರು ದಾರದ ಎಳೆಯ ಹಾಗೆ ಬರುತ್ತದೆ. ಸೋಪು ಹೋಗುವುದಿಲ್ಲ, ಕೈ ನೋಯುತ್ತದೆ, ತಲೆ ಕೆಡುತ್ತದೆ. ಆಮೇಲೆ ಎರಡರಲ್ಲಿ ಒಂದು ನಡೆಯುತ್ತದೆ. ಸಿಟ್ಟಿನಲ್ಲಿ ಏರೇಟರ್, ಅಂದರೆ ನೀರು ಉಳಿಸಲು ನಲ್ಲಿಯ ಬಾಯಿಗೆ ಹಾಕುವ ಜಾಲರಿಯನ್ನು ಬಿಚ್ಚಿ ಬಿಸಾಡುತ್ತಾರೆ, ಇಲ್ಲವೇ ಪ್ಲಂಬರ್ ಕರೆಸಿ ಸಾವಿರಗಟ್ಟಲೆ ಕೊಟ್ಟು ಪ್ರೆಷರ್ ಪಂಪ್ ಹಾಕಿಸುತ್ತಾರೆ. ತೊಂದರೆ ಎಲ್ಲಿದೆ ಅಂತ ಮಾತ್ರ ಯಾರೂ ನೋಡಿರುವುದಿಲ್ಲ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಅಪಾರ್ಟ್‌ಮೆಂಟ್, ಹೋಟೆಲ್, ಕೈಗಾರಿಕೆ, ವಾಣಿಜ್ಯ ಕಟ್ಟಡಗಳಿಗೆ ಏರೇಟರ್ ಕಡ್ಡಾಯ ಮಾಡಿದ ಮೇಲೆ ಈ ಪುಟ್ಟ ಜಾಲರಿ ಮನೆಮನೆಗೂ ಬಂತು. ಅವತ್ತಿನಿಂದ ಗೊತ್ತಿರುವವರೆಲ್ಲ ನನಗೆ ಕೇಳುವುದು ಒಂದೇ ಪ್ರಶ್ನೆ: "ನೀರು ಸಣ್ಣಗೆ ಬರ್ತಿದೆ, ಏನ್ ಮಾಡ್ಲಿ?"

ನೀರು ಸಣ್ಣಗಾಗುವುದು ಜ್ವರ ಇದ್ದ ಹಾಗೆ. ಲಕ್ಷಣ ಒಂದೇ, ಕಾಯಿಲೆ ಮಾತ್ರ ಬೇರೆ ಬೇರೆ. ಜಾಲರಿ ಕಟ್ಟಿಕೊಂಡಿರಬಹುದು. ಹಿಂದಿನ ಪೈಪಿನಲ್ಲೋ ಟ್ಯಾಂಕಿನಲ್ಲೋ ಅಡ್ಡಿ ಇರಬಹುದು. ಅಥವಾ ನಿಮ್ಮ ಮನೆಯ ಒತ್ತಡಕ್ಕೆ ಹೊಂದದ ಏರೇಟರನ್ನು, ಹಾಕಬಾರದ ನಲ್ಲಿಗೆ ಹಾಕಿರಬಹುದು. ಯಾವುದು ಅಂತ ತಿಳಿಯಲು ಹದಿನೈದು ನಿಮಿಷ ಸಾಕು. ಆದರೆ ಕೆಳಗಿನ ಕ್ರಮ ತಪ್ಪಿಸಬೇಡಿ. ಹಂತ ಹಾರಿದವರೇ ಮತ್ತೆ ಮತ್ತೆ ಸೋಲುವುದು.

ಮೊದಲು ಇವನ್ನು ಹತ್ತಿರ ಇಟ್ಟುಕೊಳ್ಳಿ

ಒಂದು ಲೀಟರ್ ನೀರಿನ ಬಾಟಲಿ, ಒಂದು ಪ್ಲಾಸ್ಟಿಕ್ ಮಗ್, ಗುರುತು ಹಾಕಲು ಮಾರ್ಕರ್ ಪೆನ್, ಮೊಬೈಲಿನ ಸ್ಟಾಪ್‌ವಾಚ್. ಬಿಚ್ಚುವುದಕ್ಕೆ ಸ್ಕ್ರೂ ಸ್ಪ್ಯಾನರ್ ಅಥವಾ ಕಟಿಂಗ್ ಪ್ಲೇಯರ್, ಒಂದು ಹಳೆ ಬಟ್ಟೆ, ಹಳೆ ಸೈಕಲ್ ಟ್ಯೂಬಿನ ಒಂದು ತುಂಡು. ತೊಳೆಯುವುದಕ್ಕೆ ಹಳೆ ಟೂತ್‌ಬ್ರಷ್, ಗುಂಡುಪಿನ್ನು, ಬಿಳಿ ವಿನೆಗರ್ ಅಥವಾ ಎರಡು ನಿಂಬೆಹಣ್ಣು. ಜೋಡಿಸುವುದಕ್ಕೆ ಟೆಫ್ಲಾನ್ ಟೇಪ್.

ಸೈಕಲ್ ಟ್ಯೂಬ್ ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅದು ಇಲ್ಲದಿದ್ದರೆ ಅಡುಗೆಮನೆಯ ರಬ್ಬರ್ ಗ್ಲೌಸ್ ಆದರೂ ಆಗುತ್ತದೆ.

ಹಂತ 1: ಯಾವ ಯಾವ ನಲ್ಲಿ ನಿಧಾನ? ಮನೆಯೆಲ್ಲ ಒಂದು ಸುತ್ತು ಹಾಕಿ

ಏನನ್ನೂ ಬಿಚ್ಚಬೇಡಿ. ಎಲ್ಲ ನಲ್ಲಿಗಳನ್ನೂ ಒಂದೊಂದಾಗಿ ತೆರೆದು ನೋಡಿ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ತೆರೆಯಿರಿ. ಎರಡು ಒಟ್ಟಿಗೆ ಓಡುತ್ತಿದ್ದರೆ ಏನೂ ಗೊತ್ತಾಗುವುದಿಲ್ಲ.

ಒಂದೇ ನಲ್ಲಿ ನಿಧಾನ ಇದ್ದರೆ ತೊಂದರೆ ಆ ನಲ್ಲಿಯಲ್ಲೋ ಅದರ ಕೆಳಗಿನ ಆಂಗಲ್ ಕಾಕ್‌ನಲ್ಲೋ (ಗೋಡೆಯಿಂದ ನಲ್ಲಿಗೆ ಬರುವ ನೀರನ್ನು ನಿಲ್ಲಿಸುವ ಸಣ್ಣ ವಾಲ್ವ್) ಇದೆ. ಒಂದು ಬಾತ್‌ರೂಮಿನ ಎಲ್ಲ ನಲ್ಲಿಯೂ ನಿಧಾನ ಇದ್ದರೆ ಆ ಬಾತ್‌ರೂಮಿಗೆ ಹೋಗುವ ವಾಲ್ವ್ ನೋಡಬೇಕು. ಇಡೀ ಮನೆಯೇ ನಿಧಾನ ಇದ್ದರೆ ಟ್ಯಾಂಕಿನ ಕಡೆಯೂ ನೋಡಬೇಕು (ಹಂತ 6). ಬಿಸಿನೀರು ಮಾತ್ರ ನಿಧಾನ, ತಣ್ಣೀರು ಚೆನ್ನಾಗಿದೆ ಅಂದರೆ ಅದು ಗೀಸರ್ ಅಥವಾ ಸೋಲಾರ್ ಲೈನಿನ ವಿಷಯ. ಒಂದೇ ಬಾಯಿಂದ ಎರಡೂ ನೀರು ಬರುವ ಮಿಕ್ಸರ್ ಆದರೆ ಏರೇಟರನ್ನು ಬೈದು ಪ್ರಯೋಜನವಿಲ್ಲ. ಅದರ ತಪ್ಪಾಗಿದ್ದರೆ ಎರಡೂ ನೀರು ಸಣ್ಣಗೆ ಬರಬೇಕಿತ್ತು, ಅಲ್ವಾ?

ಯಾವಾಗ ಶುರುವಾಯಿತು ಅಂತಲೂ ನೆನಪಿಸಿಕೊಳ್ಳಿ. ಟ್ಯಾಂಕ್ ತೊಳೆಸಿದ ಮಾರನೇ ದಿನವೇ? ಟ್ಯಾಂಕರ್ ನೀರು ಹಾಕಿಸಿದ ಮೇಲೆಯೇ? ಹಾಗಿದ್ದರೆ ಕಸ ಬಂದು ಕೂತಿದೆ ಅಂತ ಬಹುಮಟ್ಟಿಗೆ ಹೇಳಬಹುದು. ತಿಂಗಳುಗಟ್ಟಲೆ ನಿಧಾನವಾಗಿ ಕಡಿಮೆಯಾಗುತ್ತ ಬಂದಿದ್ದರೆ ಅದು ಬೋರ್ ನೀರಿನ ಉಪ್ಪು. ಏರೇಟರ್ ಹಾಕಿದ ದಿನದಿಂದಲೇ ಹೀಗಿದ್ದರೆ ಏರೇಟರ್ ಆಯ್ಕೆಯೇ ತಪ್ಪಿರುತ್ತದೆ.

ಹಂತ 2: ಕಣ್ಣಂದಾಜು ಬಿಟ್ಟು ಅಳೆಯಿರಿ

ಎಲ್ಲರೂ ಹಾರಿಬಿಡುವುದು ಈ ಹಂತವನ್ನೇ. ಏರೇಟರ್ ನೀರಿಗೆ ಗಾಳಿ ಬೆರೆಸಿ ಧಾರೆಯನ್ನು ದಪ್ಪ ಮಾಡುತ್ತದೆ. ಸ್ಪ್ರೇ ಮಾದರಿ ಅದೇ ನೀರನ್ನು ತೆಳ್ಳಗೆ ಹರಡುತ್ತದೆ. ಹಾಗಾಗಿ ಕಣ್ಣಿಗೆ ಕಂಡದ್ದನ್ನು ನಂಬಬೇಡಿ.

ಒಂದು ಲೀಟರ್ ಬಾಟಲಿಯಲ್ಲಿ ನೀರು ತುಂಬಿ ಮಗ್‌ಗೆ ಸುರಿಯಿರಿ. ನೀರು ನಿಂತ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಬಾಟಲಿಯನ್ನೇ ನಲ್ಲಿಗೆ ಹಿಡಿದರೆ ಬಾಯಿ ಸಣ್ಣದು, ಅರ್ಧ ನೀರು ಹೊರಗೆ ಚೆಲ್ಲುತ್ತದೆ. ಅದಕ್ಕೇ ಮಗ್. ಈಗ ಬೇರೆ ಎಲ್ಲ ನಲ್ಲಿ ಮುಚ್ಚಿ, ವಾಷಿಂಗ್ ಮೆಷಿನ್ ನಿಲ್ಲಿಸಿ, ನಲ್ಲಿ ಪೂರ್ತಿ ತೆರೆದು ಗೆರೆ ಮುಟ್ಟುವವರೆಗೆ ಎಷ್ಟು ಸೆಕೆಂಡ್ ಅಂತ ನೋಡಿ. 60ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಅಂತ ಸಿಗುತ್ತದೆ. 20 ಸೆಕೆಂಡ್ ಆದರೆ ನಿಮಿಷಕ್ಕೆ 3 ಲೀಟರ್. 10 ಸೆಕೆಂಡ್ ಆದರೆ 6 ಲೀಟರ್.

ಎರಡು ಸಲ ಅಳೆಯಿರಿ. ಮೇಲಿನ ಟ್ಯಾಂಕ್ ತುಂಬಿದೆಯೋ ಖಾಲಿಯಾಗುತ್ತ ಬಂದಿದೆಯೋ ಅಂತ ಜೊತೆಗೆ ಬರೆದುಕೊಳ್ಳಿ. ಮೇಲಿನ ಮಹಡಿಯಲ್ಲಿರುವವರಿಗೆ ಇಷ್ಟರಲ್ಲೇ ಎದ್ದು ಕಾಣುವ ವ್ಯತ್ಯಾಸ ಬರುತ್ತದೆ. ಅಳೆದ ನೀರನ್ನು ಗಿಡಕ್ಕೋ ಬಕೆಟ್ಟಿಗೋ ಹಾಕಿಕೊಳ್ಳಿ, ಸುಮ್ನೆ ಚೆಲ್ಲಬೇಡಿ.

ಹಂತ 3: ಏರೇಟರ್ ಬಿಚ್ಚಿ ಮತ್ತೆ ಅಳೆಯಿರಿ

ಮೊದಲು ಸಿಂಕಿನ ತೂತಿಗೆ ಬಟ್ಟೆ ತುರುಕಿ. ಇದನ್ನು ಮರೆತು ಏರೇಟರಿನ ಕರಿ ವಾಷರ್ ಕಳೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ನಾನೂ ಒಬ್ಬ.

ಈಗ ದಿಕ್ಕು. ಇಲ್ಲಿ ಎಡವುವವರು ಜಾಸ್ತಿ. ಏರೇಟರ್ ನಲ್ಲಿಯ ಬಾಯಿಗೆ ಕೆಳಗಿನಿಂದ ಕೂತಿರುತ್ತದೆ. ಕೆಳಗಿನಿಂದ ಮೇಲೆ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗಿಸಬೇಕು. ನಾವು ನಿಂತುಕೊಂಡು ಮೇಲಿನಿಂದ ನೋಡುತ್ತೇವಲ್ಲ, ಆಗ ಅದೇ ದಿಕ್ಕು ಗಡಿಯಾರದ ಮುಳ್ಳಿನಂತೆಯೇ ಕಾಣುತ್ತದೆ. ಗೊಂದಲವಾದರೆ ಬಗ್ಗಿ ನಲ್ಲಿಯ ಬಾಯಿ ನೋಡುತ್ತ ತಿರುಗಿಸಿ. ತಪ್ಪು ದಿಕ್ಕಿಗೆ ಬಲ ಹಾಕಿ ಇನ್ನೂ ಬಿಗಿ ಮಾಡಿ, ಕೊನೆಗೆ ನಲ್ಲಿಯ ಬಾಯನ್ನೇ ಸೊಟ್ಟ ಮಾಡಿದ್ದನ್ನು ನೋಡಿದ್ದೇನೆ.

ಮೊದಲು ಬರಿಗೈ. ಬರದಿದ್ದರೆ ಸೈಕಲ್ ಟ್ಯೂಬಿನ ತುಂಡನ್ನು ಸುತ್ತಿ ಹಿಡಿದು ತಿರುಗಿಸಿ. ಹತ್ತರಲ್ಲಿ ಎಂಟು ಇಷ್ಟಕ್ಕೇ ಬರುತ್ತವೆ. ಆಗಲೂ ಬರದಿದ್ದರೆ ಬಟ್ಟೆ ಸುತ್ತಿ ಪ್ಲೇಯರ್ ಹಾಕಿ, ಆದರೆ ಮೆಲ್ಲಗೆ. ಪ್ಲೇಯರ್ ಜೋರಾಗಿ ಒತ್ತಿದರೆ ತೆಳು ರಿಂಗ್ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಆಮೇಲೆ ಎಷ್ಟು ತಿರುಗಿಸಿದರೂ ಬರುವುದಿಲ್ಲ. ಉಪ್ಪು ಕಟ್ಟಿ ಅಂಟಿಕೊಂಡಿದ್ದರೆ ಒಂದು ಸಣ್ಣ ಪ್ಲಾಸ್ಟಿಕ್ ಕವರಿಗೆ ವಿನೆಗರ್ ಹಾಕಿ, ನಲ್ಲಿಯ ಬಾಯಿ ಅದರಲ್ಲಿ ಮುಳುಗುವ ಹಾಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಒಂದು ಗಂಟೆ ಬಿಟ್ಟು ಪ್ರಯತ್ನಿಸಿ.

ಕೆಲವು ಹೊಸ ನಲ್ಲಿಗಳಲ್ಲಿ ಏರೇಟರ್ ಹೊರಗೆ ಕಾಣುವುದೇ ಇಲ್ಲ, ಬಾಯಿಯ ಒಳಗೇ ಅಡಗಿರುತ್ತದೆ. ಅದರ ಅಂಚಿನಲ್ಲಿ ಹಲ್ಲುಗಳಿರುತ್ತವೆ. ಅದಕ್ಕೆ ನಲ್ಲಿ ಡಬ್ಬದಲ್ಲೇ ಬಂದಿರುವ ಪ್ಲಾಸ್ಟಿಕ್ ಕೀ ಬೇಕು. ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ, ಹಲ್ಲು ಮುರಿದರೆ ಕೀ ಇದ್ದೂ ಉಪಯೋಗವಿಲ್ಲ.

ಏರೇಟರ್ ಕೈಗೆ ಬಂತೇ? ಬರಿ ನಲ್ಲಿಯನ್ನು ಮೊದಲಿನ ಹಾಗೇ ಅಳೆಯಿರಿ. ಈಗ ನಿಮ್ಮ ಹತ್ತಿರ ಎರಡು ಅಂಕಿ ಇವೆ. ಇಡೀ ಕೆಲಸದ ತೀರ್ಮಾನ ಅವುಗಳಲ್ಲೇ ಇದೆ.

ಬರಿ ನಲ್ಲಿ 10 ಸೆಕೆಂಡಿಗೆ ಲೀಟರ್ ತುಂಬುತ್ತದೆ, ಏರೇಟರ್ ಇದ್ದಾಗ 30 ಸೆಕೆಂಡಿಗಿಂತ ಜಾಸ್ತಿ ಬೇಕಿತ್ತು ಅಂದರೆ ತೊಂದರೆ ಏರೇಟರಿನದು. ಹಂತ 4ಕ್ಕೆ ಹೋಗಿ. ಬರಿ ನಲ್ಲಿಯೇ 20 ಸೆಕೆಂಡಿಗಿಂತ ಜಾಸ್ತಿ ತೆಗೆದುಕೊಂಡರೆ ಏರೇಟರನ್ನು ಪಕ್ಕಕ್ಕಿಡಿ, ಹಂತ 5 ಮತ್ತು 6 ನೋಡಿ. ಏರೇಟರ್ ಇದ್ದೂ 15-20 ಸೆಕೆಂಡಿಗೆ ತುಂಬುತ್ತಿದ್ದರೆ ನಿಮ್ಮ ನಲ್ಲಿ ಚೆನ್ನಾಗಿಯೇ ಇದೆ. ಅಭ್ಯಾಸವಾಗಿಲ್ಲ, ಅಷ್ಟೇ. ಪಾತ್ರೆ ತೊಳೆಯಲು ಅಷ್ಟು ನೀರು ಧಾರಾಳ ಸಾಕು.

ನಮ್ಮ ಅಡುಗೆಮನೆಯ ಲೆಕ್ಕ ಹೇಳುತ್ತೇನೆ. ಏರೇಟರ್ ಇದ್ದಾಗ 34 ಸೆಕೆಂಡ್. ಬರಿ ನಲ್ಲಿ 8 ಸೆಕೆಂಡ್. ಬಂದ ಪ್ಲಂಬರ್ ಮಾತ್ರ ನಲ್ಲಿಯನ್ನು ಮುಟ್ಟಿಯೂ ನೋಡದೆ "ಪ್ರೆಷರ್ ಇಲ್ಲ ಸಾರ್, ಪಂಪ್ ಹಾಕ್ಸಿ" ಅಂದಿದ್ದರು. ಏರೇಟರ್ ಬಿಚ್ಚಿ ಅಂಗೈ ಮೇಲೆ ತಟ್ಟಿದೆ. ಸಾಸಿವೆ ಕಾಳಿನಷ್ಟು ಮರಳು, ಪೈಪ್ ಕೊರೆದಾಗಿನ ಪ್ಲಾಸ್ಟಿಕ್ ತುಣುಕು, ಬಿಳಿ ಟೆಫ್ಲಾನ್ ಟೇಪಿನ ಒಂದು ಎಳೆ ಬಿತ್ತು. ಆ ಟೇಪ್ ಸುತ್ತಿದ್ದವರು ಅದೇ ಪ್ಲಂಬರ್. ತೊಳೆದು ಹಾಕಿದ ಮೇಲೆ 17 ಸೆಕೆಂಡಿಗೆ ಬಂತು.

ಹಂತ 4: ಏರೇಟರ್ ತೊಳೆಯುವ ಸರಿಯಾದ ರೀತಿ

ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಒಂದು ಸ್ಟೀಲ್ ತಟ್ಟೆಯಲ್ಲಿ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ. ಹೊರಗಿನ ಲೋಹದ ರಿಂಗ್, ರಬ್ಬರ್ ವಾಷರ್, ಸಣ್ಣ ತೂತುಗಳಿರುವ ಪ್ಲಾಸ್ಟಿಕ್ ಬಿಲ್ಲೆ, ಕೆಳಗೆ ಜಾಲರಿ. ಜೋಡಿಸುವಾಗ ಒಂದು ಬಿಲ್ಲೆ ತಲೆಕೆಳಗಾದರೂ ನೀರು ಪಕ್ಕಕ್ಕೆ ಚಿಮ್ಮುತ್ತದೆ.

ಮರಳು, ಕಸ ಇದ್ದರೆ ಜಾಲರಿಯನ್ನು ಹಿಂದುಮುಂದಾಗಿ ಹಿಡಿದು ನೀರು ಬಿಡಿ. ಕಸ ಬಂದ ದಾರಿಯಲ್ಲೇ ವಾಪಸ್ ಹೊರಗೆ ಹೋಗಬೇಕು. ನಲ್ಲಿಯಲ್ಲಿ ನೀರು ಹರಿಯುವ ದಿಕ್ಕಿನಿಂದಲೇ ಬಿಟ್ಟರೆ ಇನ್ನೂ ಒಳಗೆ ಒತ್ತಿಕೊಳ್ಳುತ್ತದೆ.

ಬಿಳಿ ಪದರ ಕೂತಿದ್ದರೆ ಅದು ಗಡಸು ನೀರಿನ ಸುಣ್ಣದ ಅಂಶ. ಬ್ರಷ್ಷಿಗೆ ಜಗ್ಗುವುದಿಲ್ಲ, ಹುಳಿಗೆ ಕರಗುತ್ತದೆ. ಒಂದು ಲೋಟದಲ್ಲಿ ಅರ್ಧ ವಿನೆಗರ್, ಅರ್ಧ ಬೆಚ್ಚಗಿನ ನೀರು ಹಾಕಿ ಅರ್ಧ ಗಂಟೆಯಿಂದ ಒಂದು ಗಂಟೆ ನೆನೆಸಿ. ವಿನೆಗರ್ ಇಲ್ಲದಿದ್ದರೆ ಎರಡು ನಿಂಬೆಹಣ್ಣಿನ ರಸ ಆಗುತ್ತದೆ. ಹಾಕಿದ ಕೂಡಲೇ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಗುಳ್ಳೆ ನಿಂತ ಮೇಲೆ ತೆಗೆದು ಬ್ರಷ್ ಹಾಕಿ, ಮುಚ್ಚಿಕೊಂಡ ತೂತನ್ನು ಗುಂಡುಪಿನ್ನಿನಿಂದ ಮೆಲ್ಲಗೆ ಬಿಡಿಸಿ. ತೂತು ದೊಡ್ಡದು ಮಾಡಲು ಹೋಗಬೇಡಿ. ರಬ್ಬರ್ ವಾಷರನ್ನು ಹುಳಿಯಲ್ಲಿ ನೆನೆಸಬೇಡಿ, ಬರೀ ನೀರಿನಲ್ಲಿ ತೊಳೆಯಿರಿ.

ಟಾಯ್ಲೆಟ್ ತೊಳೆಯುವ ಆಸಿಡ್ ಮುಟ್ಟಲೇಬೇಡಿ. ಐದು ನಿಮಿಷದಲ್ಲಿ ಫಳಫಳ ಅನ್ನುತ್ತದೆ ನಿಜ, ಮೇಲಿನ ಕ್ರೋಮ್ ಪದರವೂ ಎದ್ದು ಹೋಗುತ್ತದೆ. ಇನ್ನೊಂದು ಮಾತು, ವಿನೆಗರ್ ಆಗಲಿ ಆಸಿಡ್ ಆಗಲಿ, ಬ್ಲೀಚಿಂಗ್ ಪುಡಿಯ ಜೊತೆ ಸೇರಿಸಬಾರದು. ವಿಷದ ಗಾಳಿ ಏಳುತ್ತದೆ.

ತಿರುಗಿ ಹಾಕುವ ಮೊದಲು ಬರಿ ನಲ್ಲಿಯನ್ನು ಅರ್ಧ ನಿಮಿಷ ತೆರೆದು ನೀರನ್ನು ಬಕೆಟ್ಟಿಗೆ ಬಿಡಿ. ಪೈಪಿನಲ್ಲಿ ಉಳಿದ ಕಸ ಹೊರಗೆ ಬರಲಿ. ಇದನ್ನು ಮಾಡದೆ ಏರೇಟರ್ ಹಾಕಿದರೆ ಸಂಜೆಯ ಹೊತ್ತಿಗೆ ಮತ್ತೆ ಕಟ್ಟಿಕೊಂಡಿರುತ್ತದೆ. ಟ್ಯಾಂಕ್ ತೊಳೆಸಿದ ದಿನವೂ ಅಷ್ಟೇ. ಮೊದಲು ಏರೇಟರ್ ಬಿಚ್ಚಿ, ನೀರು ಬಿಟ್ಟು, ಆಮೇಲೆ ಹಾಕಿ.

ಜೋಡಿಸುವಾಗ ಕೈಯಲ್ಲಿ ಎಷ್ಟು ಬಿಗಿಯಾಗುತ್ತದೋ ಅಷ್ಟೇ. ಏರೇಟರಿಗೆ ಟೆಫ್ಲಾನ್ ಟೇಪ್ ಬೇಡ, ಸೋರಿಕೆ ತಡೆಯಲು ವಾಷರ್ ಇದೆ. ಟೇಪ್ ಬೇಕಾಗುವುದು ಹಿಂದಿನ ಪೈಪಿನ ಜೋಡಣೆಗೆ. ರಿಂಗಿನ ಸುತ್ತ ನೀರು ಜಿನುಗಿದರೆ ಇನ್ನೂ ಬಿಗಿ ಮಾಡಬೇಡಿ, ವಾಷರ್ ಬದಲಿಸಿ.

ಹಂತ 5: ಸಿಂಕಿನ ಕೆಳಗೆ ನೋಡಿ

ಬರಿ ನಲ್ಲಿಯೂ ನಿಧಾನ ಇದೆ, ಆದರೆ ಪಕ್ಕದ ನಲ್ಲಿ ಚೆನ್ನಾಗಿದೆ ಅಂತಿಟ್ಟುಕೊಳ್ಳಿ. ಆಗ ಮೊದಲು ಆಂಗಲ್ ಕಾಕ್ ಪೂರ್ತಿ ತೆರೆದಿದೆಯೇ ನೋಡಿ. ನಗಬೇಡಿ. ನೀರು ಉಳಿಸಲಿ ಅಂತ ಯಾರೋ ಅರ್ಧ ತಿರುಗಿಸಿಟ್ಟು ಮರೆತ ಉದಾಹರಣೆಗಳು ಎಷ್ಟೋ ಇವೆ. ಏರೇಟರೂ ಹಾಕಿ ಆಂಗಲ್ ಕಾಕೂ ಅರ್ಧ ಮುಚ್ಚಿದರೆ ನೀರು ಬರುವುದಾದರೂ ಹೇಗೆ?

ಅದು ತೆರೆದೇ ಇದ್ದರೆ ಮುಚ್ಚಿ, ಕನೆಕ್ಷನ್ ಪೈಪನ್ನು ನಲ್ಲಿಯ ಕಡೆಯಿಂದ ಬಿಚ್ಚಿ, ಬಾಯನ್ನು ಬಕೆಟ್ಟಿಗೆ ಹಿಡಿದು ಕಾಕ್ ತೆರೆಯಿರಿ. ಬಿಸಿನೀರಿನ ಪೈಪಾದರೆ ಮೊದಲು ಗೀಸರ್ ಸ್ವಿಚ್ ಆಫ್ ಮಾಡಿ, ನೀರು ತಣಿಯಲು ಬಿಡಿ. ಈಗ ನೀರು ಜೋರಾಗಿ ಬಂದರೆ ತೊಂದರೆ ನಲ್ಲಿಯ ಒಳಗಿದೆ, ಅಂದರೆ ನೀರು ಬಿಟ್ಟು ನಿಲ್ಲಿಸುವ ಒಳಭಾಗವಾದ ಸ್ಪಿಂಡಲ್ ಅಥವಾ ಮಿಕ್ಸರಿನ ಕಾರ್ಟ್ರಿಜ್‌ನಲ್ಲಿ. ಅದನ್ನು ಬಿಚ್ಚಿ ಅಂಗಡಿಗೆ ಒಯ್ದು ಅದೇ ಅಳತೆಯದ್ದು ತರಬೇಕು. ಬಾಯಲ್ಲಿ ವರ್ಣಿಸಿ ತಂದದ್ದು ಹೊಂದುವುದಿಲ್ಲ. ಪೈಪಿನಿಂದಲೂ ನೀರು ಸಣ್ಣಗೆ ಬಂದರೆ ಪೈಪ್ ಮಡಚಿಕೊಂಡಿದೆಯೇ ನೋಡಿ. ಹೊರಗಿನ ಸ್ಟೀಲ್ ಹೆಣಿಗೆ ಚೆನ್ನಾಗಿಯೇ ಕಂಡರೂ ಒಳಗಿನ ರಬ್ಬರ್ ಕೊಳವೆ ಕುಸಿದಿರುತ್ತದೆ. ಪೈಪಿನದ್ದಲ್ಲದಿದ್ದರೆ ಆಂಗಲ್ ಕಾಕ್ ಒಳಗೆ ಉಪ್ಪು ಕಟ್ಟಿದೆ. ಅದನ್ನು ಗೋಡೆಯಿಂದ ಬಿಚ್ಚುವ ಮೊದಲು ತಾರಸಿಗೆ ಹೋಗಿ ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಬೇಕು. ಮುಚ್ಚದೆ ಬಿಚ್ಚಿದರೆ ಅಡುಗೆಮನೆ ಕೆರೆಯಾಗುತ್ತದೆ.

ಹಂತ 6: ತಾರಸಿ ಮತ್ತು ಟ್ಯಾಂಕ್

ಇಡೀ ಮನೆ ನಿಧಾನ ಇದ್ದರೆ ಮೇಲೆ ಹತ್ತಿ. ಟ್ಯಾಂಕಿನಿಂದ ಇಳಿಯುವ ಗೇಟ್ ವಾಲ್ವ್ ಪೂರ್ತಿ ತೆರೆದಿದೆಯೇ? ಹಳೆ ಗೇಟ್ ವಾಲ್ವ್‌ಗಳಲ್ಲಿ ಒಂದು ಮೋಸ ಇದೆ. ಮೇಲಿನ ಚಕ್ರ ಸುಮ್ನೆ ತಿರುಗುತ್ತದೆ, ಒಳಗಿನ ತಟ್ಟೆ ಮಾತ್ರ ಕಳಚಿಕೊಂಡು ಅಲ್ಲೇ ಕೂತಿರುತ್ತದೆ. ಎಷ್ಟು ತಿರುಗಿಸಿದರೂ ನೀರಿನಲ್ಲಿ ವ್ಯತ್ಯಾಸ ಬರದಿದ್ದರೆ ಇದೇ ಕಾರಣ. ಅದರ ಬದಲು ಹಿಡಿ ಕಾಲು ಸುತ್ತು ತಿರುಗಿಸಿ ತೆರೆಯುವ ಬಾಲ್ ವಾಲ್ವ್ ಹಾಕಿಸಿಕೊಳ್ಳಿ.

ಟ್ಯಾಂಕ್ ಖಾಲಿಯಾಗಿ ತುಂಬಿದ ಮೇಲೆ ನೀರು ಗೊರಗೊರ ಅನ್ನುತ್ತ ಬಿಟ್ಟು ಬಿಟ್ಟು ಬಂದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಟ್ಯಾಂಕ್ ತುಂಬಿಸಿ, ಎಲ್ಲಕ್ಕಿಂತ ಕೆಳಗಿನ ನಲ್ಲಿಯನ್ನು ಪೂರ್ತಿ ತೆರೆದು ಕೆಳಗೆ ಬಕೆಟ್ ಇಟ್ಟು ಕಾಯಿರಿ. ಹೆಚ್ಚಿನ ಸಲ ಹೊರಟು ಹೋಗುತ್ತದೆ. ಪದೇ ಪದೇ ಆಗುತ್ತಿದ್ದರೆ ಟ್ಯಾಂಕಿನ ವಾಲ್ವ್ ದಾಟಿದ ಮೇಲೆ ಮೇಲಕ್ಕೆ ನಿಂತಿರುವ ಗಾಳಿ ಪೈಪ್ ಇದೆಯೇ, ಅದರ ಬಾಯಿ ಮುಚ್ಚಿದೆಯೇ ಅಂತ ನೋಡಿ. ಸೋಲಾರ್ ಬಿಸಿನೀರಿನ ಲೈನಿನಲ್ಲಿ ಈ ಕಾಟ ಇನ್ನೂ ಜಾಸ್ತಿ.

ಎತ್ತರದ ಅಪಾರ್ಟ್‌ಮೆಂಟಿನಲ್ಲಿ ಇರುವವರು ತಾವೇ ಏನನ್ನೂ ಮುಟ್ಟಬೇಡಿ. ಅಲ್ಲಿ ಕೆಳಗಿನ ಮಹಡಿಗಳಿಗೆ ಒತ್ತಡ ತಗ್ಗಿಸುವ ವಾಲ್ವ್ ಇರುತ್ತದೆ. ಅದರ ಜಾಲರಿ ಕಟ್ಟಿಕೊಂಡರೆ ಆ ಲೈನಿನ ಮನೆಗಳೆಲ್ಲ ನಿಧಾನವಾಗುತ್ತವೆ. ಪಕ್ಕದವರನ್ನು ಕೇಳಿ, ಅವರದ್ದೂ ಅದೇ ಗೋಳಾದರೆ ಅಸೋಸಿಯೇಷನ್‌ಗೆ ಹೇಳಿ.

ಹಂತ 7: ಒತ್ತಡದ ಲೆಕ್ಕ, ಅದಕ್ಕೆ ಹೊಂದುವ ಏರೇಟರ್

ಎಲ್ಲ ಚೊಕ್ಕಟ ಮಾಡಿದರೂ ಏರೇಟರ್ ಹಾಕಿದ ಕೂಡಲೇ ನೀರು ಸಾಯುತ್ತದೆಯೇ? ಹಾಗಿದ್ದರೆ ಡಬ್ಬದ ಮೇಲೆ ಬರೆದ ಅಂಕಿಯನ್ನು ಅರ್ಥ ಮಾಡಿಕೊಳ್ಳಬೇಕು.

ಏರೇಟರ್ ಮೇಲೆ "ನಿಮಿಷಕ್ಕೆ 6 ಲೀಟರ್" ಅಂತ ಇದ್ದರೆ ಅದು ಸಾಮಾನ್ಯವಾಗಿ 3 ಬಾರ್ ಒತ್ತಡದಲ್ಲಿ ಅಳೆದದ್ದು. 10 ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು 1 ಬಾರ್. ಅಂದರೆ 3 ಬಾರ್ ಬೇಕಾದರೆ ಟ್ಯಾಂಕ್ ನಿಮ್ಮ ನಲ್ಲಿಗಿಂತ 30 ಮೀಟರ್ ಮೇಲಿರಬೇಕು, ಹೆಚ್ಚು ಕಡಿಮೆ ಹತ್ತು ಮಹಡಿ. ನಮ್ಮ ಮನೆಗಳಲ್ಲಿ? ಕೊನೆಯ ಮಹಡಿಯ ನಲ್ಲಿಗೂ ತಾರಸಿಯ ಟ್ಯಾಂಕಿಗೂ 3 ಮೀಟರ್ ಇದ್ದರೆ ಹೆಚ್ಚು. ಅಂದರೆ 0.3 ಬಾರ್.

ಒತ್ತಡ ಹತ್ತನೇ ಒಂದು ಪಾಲಾದರೆ ನೀರು ಹತ್ತನೇ ಒಂದು ಪಾಲಾಗುವುದಿಲ್ಲ, ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ 6 ಲೀಟರಿನ ಏರೇಟರ್ ಕೊನೆಯ ಮಹಡಿಯಲ್ಲಿ ಕೊಡುವುದು 2 ಲೀಟರಿನಷ್ಟು. 3 ಲೀಟರಿನದ್ದು ಕೊಡುವುದು 1 ಲೀಟರ್. ಆ ಒತ್ತಡಕ್ಕೆ ಗಾಳಿಯೂ ಸರಿಯಾಗಿ ಬೆರೆಯುವುದಿಲ್ಲ, ಧಾರೆ ಸೊರಗಿ ಕಾಣುತ್ತದೆ.

ನಮ್ಮ ಚಿಕ್ಕಮ್ಮನ ಮನೆ ಕೊನೆಯ ಮಹಡಿ. ಯಾರೋ ಹೇಳಿದರು ಅಂತ ಮನೆಯ ಎಲ್ಲ ನಲ್ಲಿಗೂ 3 ಲೀಟರಿನ ಏರೇಟರ್ ಹಾಕಿಸಿದ್ದರು, ಬಾತ್‌ರೂಮಿನ ಬಕೆಟ್ ನಲ್ಲಿಗೂ. ನಾನು ಹೋದಾಗ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದರು. "ನೋಡೋ, ಇದು ನೀರು ಬಿಡ್ತಾ ಇದ್ಯೋ ಅಳ್ತಾ ಇದ್ಯೋ? ಬಕೆಟ್ ಇಟ್ಟು ಪೂಜೆ ಮುಗ್ಸಿ ಬಂದ್ರೂ ಅರ್ಧ ತುಂಬಿರಲ್ಲ." ಅಳೆದೆ. ಲೀಟರಿಗೆ 62 ಸೆಕೆಂಡ್. 15 ಲೀಟರಿನ ಬಕೆಟ್ ತುಂಬಲು ಕಾಲು ಗಂಟೆ ಮೀರುತ್ತಿತ್ತು.

ಬಕೆಟ್ ನಲ್ಲಿಗೆ ಏರೇಟರ್ ಹಾಕುವುದೇ ತಪ್ಪು. ಬಕೆಟ್ ತುಂಬಲು 15 ಲೀಟರ್ ಬೇಕು ಅಂದರೆ ಬೇಕು. ನಿಧಾನ ಬಂದರೂ ಜೋರಾಗಿ ಬಂದರೂ ಅಷ್ಟೇ ನೀರು. ಒಂದು ಹನಿಯೂ ಉಳಿಯುವುದಿಲ್ಲ, ಹೊತ್ತು ಮಾತ್ರ ಹಾಳು. ನೀರು ಉಳಿಯುವುದು ನಲ್ಲಿ ತೆರೆದಿಟ್ಟು ಕೆಲಸ ಮಾಡುವ ಕಡೆ: ಕೈ ತೊಳೆಯುವ ವಾಷ್ ಬೇಸಿನ್, ಪಾತ್ರೆ ತೊಳೆಯುವ ಸಿಂಕ್. ಬಕೆಟ್ ನಲ್ಲಿ, ವಾಷಿಂಗ್ ಮೆಷಿನ್ ನಲ್ಲಿ, ಕೊಡ ಹಿಡಿಯುವ ನಲ್ಲಿ, ಒರೆಸುವ ನೀರು ಹಿಡಿಯುವ ನಲ್ಲಿ, ಇವಕ್ಕೆ ಬೇಡ. ಅಪಾರ್ಟ್‌ಮೆಂಟಿನಲ್ಲಿ ಅಸೋಸಿಯೇಷನ್ ಹಾಕಿಸಿದ್ದಾದರೆ ತೆಗೆಯುವ ಮೊದಲು ಅವರ ಹತ್ತಿರ ಮಾತಾಡಿ.

ಇನ್ನು ಆಯ್ಕೆ. ಟ್ಯಾಂಕಿನಿಂದ ಒಂದೇ ಮಹಡಿ ಕೆಳಗಿದ್ದರೆ ಸಿಂಕಿಗೆ 8 ಲೀಟರ್ ಅಥವಾ ಅದಕ್ಕಿಂತ ಜಾಸ್ತಿ ಅಂಕಿಯದ್ದನ್ನು ತನ್ನಿ. 3 ಲೀಟರಿನದ್ದು ಪಂಪಿನ ಒತ್ತಡ ಇರುವ ಕಟ್ಟಡಗಳ ವಾಷ್ ಬೇಸಿನ್‌ಗೆ ಸರಿ. ತೂತು ಮಾತ್ರ ಇರುವ ಗಟ್ಟಿ ಬಿಲ್ಲೆಗಿಂತ ಒಳಗೆ ರಬ್ಬರ್ ರಿಂಗ್ ಇರುವ ಮಾದರಿ ನಮಗೆ ಒಳ್ಳೆಯದು. ಒತ್ತಡ ಹೆಚ್ಚಾದರೆ ಆ ರಿಂಗ್ ಬಿಗಿದು ದಾರಿ ಸಣ್ಣ ಮಾಡುತ್ತದೆ, ಕಡಿಮೆಯಾದರೆ ಸಡಿಲಾಗಿ ದಾರಿ ಬಿಡುತ್ತದೆ. ತೀರಾ ಕಡಿಮೆ ಒತ್ತಡದಲ್ಲಿ ಕೈ ತೊಳೆಯುವುದಕ್ಕಾದರೆ ನೊರೆ ಧಾರೆಗಿಂತ ಸ್ಪ್ರೇ ಮಾದರಿ ಎಷ್ಟೋ ವಾಸಿ.

ಅಂಗಡಿಗೆ ಹೋಗುವಾಗ ಹಳೆ ಏರೇಟರ್ ಜೇಬಿನಲ್ಲಿರಲಿ. ನಲ್ಲಿಯ ಬಾಯಿಯ ಒಳಗೆ ಮರೆ (ತಿರುಪಿನ ಗೆರೆ) ಇದ್ದರೆ ಸಾಮಾನ್ಯವಾಗಿ 24 ಮಿಲಿಮೀಟರ್ ಅಳತೆ, ಹೊರಗೆ ಮರೆ ಇದ್ದರೆ 22. ಒಳಗೆ ಅಡಗಿರುವ ಮಾದರಿಗಳ ಅಳತೆ ಬೇರೆ ಬೇರೆ. ಹೊಂದದ ಮರೆಗೆ ಬಲವಂತ ಮಾಡಿದರೆ ನಲ್ಲಿಯ ಮರೆಯೇ ಕೆಡುತ್ತದೆ.

ಹೊಸದು ಕೊಳ್ಳಲು ಮನಸ್ಸಿಲ್ಲವೇ? ಕೆಲವು ಏರೇಟರಿನಲ್ಲಿ ನೀರು ತಡೆಯುವ ಬಿಲ್ಲೆ ಬೇರೆ, ಜಾಲರಿ ಬೇರೆ ಇರುತ್ತದೆ. ಬಿಲ್ಲೆಯೊಂದನ್ನು ತೆಗೆದು ಜಾಲರಿ, ವಾಷರ್ ಹಾಗೇ ಹಾಕಿ ಅಳೆದು ನೋಡಿ. ಚಿಕ್ಕಮ್ಮನ ಸಿಂಕಿಗೆ ನಾನು ಮಾಡಿದ್ದು ಇದೇ. ಅಲ್ಲೂ 62 ಸೆಕೆಂಡ್ ಇದ್ದದ್ದು 19ಕ್ಕೆ ಬಂತು, ನೀರು ಚಿಮ್ಮುವುದೂ ಇಲ್ಲ. ಬಾತ್‌ರೂಮಿನದ್ದನ್ನು ಪೂರ್ತಿ ತೆಗೆದು ಡಬ್ಬದಲ್ಲಿ ಹಾಕಿಟ್ಟೆವು.

ಹಂತ 8: ಪಂಪ್ ಹಾಕಿಸಲೇಬೇಕು ಅಂದರೆ

ಇಷ್ಟೆಲ್ಲ ಆದ ಮೇಲೂ ಬರಿ ನಲ್ಲಿಯೇ ಲೀಟರಿಗೆ 20 ಸೆಕೆಂಡ್ ತೆಗೆದುಕೊಂಡರೆ ಒತ್ತಡವೇ ಸಾಲದು ಅಂತ ಅರ್ಥ. ಟ್ಯಾಂಕಿನ ಸ್ಟ್ಯಾಂಡ್ ಎತ್ತರಿಸಿದರೆ ಪ್ರತಿ ಮೀಟರಿಗೆ 0.1 ಬಾರ್ ಸಿಗುತ್ತದೆ. ಆದರೆ ಸಾವಿರ ಲೀಟರ್ ನೀರೆಂದರೆ ಒಂದು ಟನ್ ಭಾರ, ಎಂಜಿನಿಯರ್ ಕೇಳದೆ ಎತ್ತರಿಸಬೇಡಿ. ಪಂಪ್ ಹಾಕಿಸುವುದಾದರೆ ಟ್ಯಾಂಕಿನ ಹೊರಬಾಯಿಗೆ ಹಾಕಿಸಿ, ಕರೆಂಟ್ ಹೋದಾಗ ನೀರು ಇಳಿಯಲು ಪಕ್ಕದಲ್ಲೊಂದು ದಾರಿ ಬಿಡಿಸಿ. ಜಲಮಂಡಳಿಯಿಂದ ಬರುವ ಲೈನಿಗೆ ನೇರವಾಗಿ ಮೋಟಾರ್ ಹಾಕುವುದಕ್ಕೆ ನಿಷೇಧ ಇದೆ.

ಸೋಲಾರ್ ಇರುವವರು ಇದನ್ನು ತಪ್ಪದೆ ಗಮನಿಸಿ. ಮನೆಗಳ ಮೇಲಿರುವ ಸೋಲಾರ್ ಟ್ಯಾಂಕುಗಳಲ್ಲಿ ಎಷ್ಟೋ ಪಂಪಿನ ಒತ್ತಡ ತಡೆಯುವ ಮಾದರಿಯಲ್ಲ. ಅದಕ್ಕೆ ಹೋಗುವ ಲೈನ್ ಪಂಪ್ ದಾಟಿದ ಮೇಲಿನ ಪೈಪಿಗೆ ಸೇರಿದ್ದರೆ ಟ್ಯಾಂಕ್ ಉಬ್ಬಿ ಒಡೆಯಬಹುದು. ಹಾಕಿಸುವ ಮೊದಲೇ ಸೋಲಾರ್ ಕಂಪನಿಯವರನ್ನು ಕೇಳಿ. ಹಳೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇದ್ದರೆ ಇಷ್ಟು ದಿನ ಸುಮ್ಮನಿದ್ದ ಜಾಯಿಂಟುಗಳು ಹೊಸ ಒತ್ತಡಕ್ಕೆ ಸೋರಲು ಶುರು ಮಾಡುತ್ತವೆ.

ಈ ಲಕ್ಷಣ ಕಂಡರೆ ಕೈ ಬಿಡಿ, ಪ್ಲಂಬರ್ ಕರೆಸಿ

ಗೋಡೆಯ ಮೇಲೆ ಒದ್ದೆ ಕಲೆ ಕಂಡು, ಜೊತೆಗೆ ನೀರೂ ಸಣ್ಣಗಾಗಿದ್ದರೆ ಒಳಗೆ ಪೈಪ್ ಒಡೆದಿರಬಹುದು. ನೀರು ಕೆಂಪಗೆ, ತುಕ್ಕಿನ ತುಣುಕಿನ ಜೊತೆ ಬಂದರೆ ಜಿಐ ಪೈಪನ್ನು ತುಕ್ಕು ಒಳಗಿನಿಂದ ತಿನ್ನುತ್ತಿದೆ. ಏರೇಟರ್ ತೊಳೆದ ವಾರದಲ್ಲೇ ಮತ್ತೆ ಮತ್ತೆ ಕಟ್ಟಿಕೊಂಡರೂ ಅದೇ, ಇಲ್ಲವೇ ಟ್ಯಾಂಕಿನ ತಳದ ಹೂಳು. ಯಾವ ನಲ್ಲಿಯೂ ತೆರೆಯದೆ ಪ್ರೆಷರ್ ಪಂಪ್ ತಾನಾಗಿ ಶುರುವಾಗಿ ನಿಲ್ಲುತ್ತಿದ್ದರೆ ಎಲ್ಲೋ ಸೋರಿಕೆ ಇದೆ. ನಲ್ಲಿ ತೆರೆದಿದ್ದಾಗ ಪಂಪ್ ಪದೇ ಪದೇ ಆನ್ ಆಫ್ ಆಗುತ್ತಿದ್ದರೆ ಏರೇಟರ್ ಬಿಡುವ ನೀರು ಅದರ ಸ್ವಿಚ್ಚಿಗೆ ಸಾಲುತ್ತಿಲ್ಲ. ಅಂಥ ಕಡೆ ಏರೇಟರಿನ ಅಂಕಿ ಹೆಚ್ಚಿಸಬೇಕು.

ಗ್ಯಾಸ್ ಗೀಸರ್ ಇರುವವರಿಗೂ ಇದೇ ತೊಂದರೆ. ನೀರು ಒಂದು ಮಟ್ಟಕ್ಕಿಂತ ಕಡಿಮೆಯಾದರೆ ಬರ್ನರ್ ಹೊತ್ತುವುದೇ ಇಲ್ಲ, ಅಥವಾ ಮಧ್ಯದಲ್ಲಿ ಆರುತ್ತದೆ. ಗೀಸರ್ ರಿಪೇರಿಗೆ ಕೊಡುವ ಮೊದಲು ಆ ನಲ್ಲಿಯ ಏರೇಟರ್ ತೆಗೆದು, ಗೀಸರಿನ ನೀರಿನ ಬಾಯಲ್ಲಿರುವ ಜಾಲರಿ ತೊಳೆದು ನೋಡಿ.

ಎಲ್ಲ ಸರಿಹೋದ ದಿನ ಇನ್ನೊಂದು ಸಲ ಅಳೆದು, ಆ ಸೆಕೆಂಡನ್ನೂ ತಾರೀಕನ್ನೂ ಸಿಂಕಿನ ಕೆಳಗಿನ ಬಾಗಿಲಿನ ಒಳಮೈಗೆ ಬರೆದಿಡಿ. ಬೋರ್ ನೀರಿನ ಮನೆಗಳಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಮಗ್ ಹಿಡಿದು ನೋಡಿ. ನಮ್ಮ ಬಾಗಿಲಿನಲ್ಲಿ 17 ಅಂತ ಇದೆ. 25 ದಾಟಿದರೆ ವಿನೆಗರ್ ಬಾಟಲಿ ಹೊರಗೆ ಬರುತ್ತದೆ.